ಮತ್ತೆ ಬರುತ್ತೇವೆ ಅನ್ನುವ ಮಾತು

ಮಿಷನ್ ಟ್ರಿಪ್‌ಗೆ, ಅಂದರೆ ಚರ್ಚಿನ ಕಡೆಯಿಂದ ಕೆಲವು ವಾರ ದೂರದ ಊರಿಗೆ ಸೇವೆಗೆ, ಹೊರಡುವವರಿಗೆ ಏನೆಲ್ಲ ಹೇಳಿಕೊಡುತ್ತಾರೆ. ಹಳದಿ ಜ್ವರದ ಲಸಿಕೆಯನ್ನು ಹತ್ತು ದಿನ ಮೊದಲೇ ಹಾಕಿಸಿಕೊಳ್ಳಬೇಕು. ಆ ಕಾರ್ಡ್ ಇಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ನಮ್ಮದೇ ಏರ್‌ಪೋರ್ಟಿನಲ್ಲಿ ತಡೆದು ಬೇರೆ ಕೂರಿಸುತ್ತಾರೆ. ಮಲೇರಿಯಾ ಮಾತ್ರೆ ಮರೆಯಬಾರದು. ಹೆಂಗಸರು ಉದ್ದ ಲಂಗ ಹಾಕಬೇಕು. ಯಾರ ಮನೆಯಲ್ಲೂ ಊಟ ಬೇಡ ಅನ್ನಬಾರದು. ನಮ್ಮ ಸಭೆಯಲ್ಲಿ (ಚರ್ಚಿನವರನ್ನು ನಾವು ಸಭೆ ಅನ್ನುತ್ತೇವೆ) ನಡೆದ ತರಬೇತಿಯಲ್ಲಿ ಇದೆಲ್ಲ ಇತ್ತು. ಕೊನೆಯ ದಿನದ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಹೊರಡುವುದರಲ್ಲಿ ಕಲಿಯುವಂಥದ್ದು ಏನಿದೆ ಅಂತ ಎಲ್ಲರಿಗೂ ಅನ್ನಿಸಿರಬೇಕು. ಬ್ಯಾಗ್ ತುಂಬುವುದು, ಒಂದು ಗ್ರೂಪ್ ಫೋಟೋ, ಸ್ವಲ್ಪ ಅಳು. ಮುಗೀತು, ಅಲ್ವಾ?

ನನಗೆ ಈಗ ಹಾಗೆ ಅನ್ನಿಸುವುದಿಲ್ಲ. ಕೆಲವೇ ವಾರಕ್ಕೆ ಅಂತ ಹೋದವರು ಅಲ್ಲಿ ಏನು ಮಾಡಿದರು ಅನ್ನುವುದು ಅವರು ಹೊರಡುವ ದಿನವೇ ಗೊತ್ತಾಗುವುದು.

ನಾವು ಹೋಗಿದ್ದು ಕೀನ್ಯಾದ ಪಶ್ಚಿಮಕ್ಕೆ, ವಿಹಿಗಾ ಕೌಂಟಿಯ ಕೈಮೋಸಿ ಕಡೆಗೆ. ವಿಕ್ಟೋರಿಯಾ ಸರೋವರದ ದಡದಲ್ಲಿ ಕಿಸುಮು ಅಂತ ಪಟ್ಟಣ ಇದೆ. ಅಲ್ಲಿಂದ ಗುಡ್ಡ ಹತ್ತಿ ಹೋಗಬೇಕು. ದಾರಿಯಲ್ಲೇ ಭೂಮಧ್ಯರೇಖೆ ದಾಟುತ್ತೇವೆ. ಆದರೂ ಬೆಳಿಗ್ಗೆ ಸ್ವೆಟರ್ ಬೇಕು, ಊರು ಅಷ್ಟು ಎತ್ತರದಲ್ಲಿದೆ. ಕೆಂಪು ಮಣ್ಣು, ಚಹಾ ತೋಟ, ಬಾಳೆ, ಮಧ್ಯಾಹ್ನ ಕಳೆದ ಮೇಲೆ ಮಳೆ. ನಮ್ಮ ತಂಡದಲ್ಲಿದ್ದ ಮಡಿಕೇರಿಯವರೊಬ್ಬರು ಮೊದಲ ದಿನವೇ ಊರಿಗೆ ಫೋನ್ ಮಾಡಿ, ಇಷ್ಟು ದುಡ್ಡು ಕೊಟ್ಟು ನಮ್ಮ ಮನೆ ಹಿತ್ತಲಿಗೇ ಬಂದ ಹಾಗಾಯ್ತು ಅಂದರು.

ಅಲ್ಲಿಯ ಸಭೆಗಳು ಕ್ವೇಕರ್ ಸಭೆಗಳು, ಕ್ರೈಸ್ತರಲ್ಲೇ ಅದೊಂದು ಪಂಗಡ. 1902ರಲ್ಲಿ ಮೂವರು ಅಮೆರಿಕನ್ನರು ಕೈಮೋಸಿಗೆ ಬಂದು ಮಿಷನ್ ಶುರು ಮಾಡಿದರು. ಅದರ ಹಿಂದಿನ ವರ್ಷವಷ್ಟೇ ಮೊಂಬಾಸಾದಿಂದ ಸರೋವರದ ತನಕ ರೈಲು ಬಂದಿತ್ತು. ಆ ಹಳಿ ಹಾಕಿದವರಲ್ಲಿ ಬಹಳಷ್ಟು ಜನ ನಮ್ಮ ದೇಶದಿಂದ, ಅದರಲ್ಲೂ ಪಂಜಾಬಿನಿಂದ, ಹಡಗಿನಲ್ಲಿ ಕರೆದೊಯ್ದ ಕೂಲಿಗಳು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಕ್ವೇಕರ್‌ಗಳಿರುವ ದೇಶ ಕೀನ್ಯಾ. ಕ್ವೇಕರ್ ಅಂದರೆ ಮೌನವಾಗಿ ಕೂತು ಆರಾಧನೆ ಮಾಡುವವರು ಅಂತ ಓದಿಕೊಂಡು ಹೋಗಿದ್ದೆ. ಅಲ್ಲಿಯವರು ಗಂಟೆಗಟ್ಟಲೆ ಹಾಡುತ್ತಾರೆ, ಕುಣಿಯುತ್ತಾರೆ. ಅವರಿಗೆ ಸುವಾರ್ತೆ ಹೇಳುವುದಕ್ಕೆ ನಾವು ಬೇಕಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯ ಸಭೆಗಿಂತ ಅವರ ಸಭೆಯೇ ಹೆಚ್ಚು ತುಂಬಿರುತ್ತದೆ.

ನಾವು ಮಾಡಿದ್ದು ಕಣ್ಣಿನ ತಪಾಸಣೆ. ಕಣ್ಣು ಪರೀಕ್ಷೆ ಮಾಡುವುದೇ ನನ್ನ ಕೆಲಸ. ತಂಡದಲ್ಲಿ ಡಾಕ್ಟರಿದ್ದರು, ನರ್ಸ್‌ಗಳಿದ್ದರು, ಪೆಟ್ಟಿಗೆ ಎತ್ತಿ ಚೀಟಿ ಬರೆಯಲು ಬಂದ ಸಭೆಯವರೂ ಇದ್ದರು. ಹೊರದೇಶದ ಡಾಕ್ಟರು ಅಲ್ಲಿ ರೋಗಿಯನ್ನು ನೋಡಬೇಕಾದರೆ ಅಲ್ಲಿನ ವೈದ್ಯ ಮಂಡಳಿಯ ತಾತ್ಕಾಲಿಕ ಲೈಸೆನ್ಸ್ ಬೇಕು. ಅದನ್ನೂ ಮಾಡಿಸಿದ್ದೆವು. ಹಾಗಿದ್ದರೂ ಪೊರೆಯ ಆಪರೇಷನ್ ಮಾತ್ರ ನಾವು ಮಾಡುವುದಿಲ್ಲ ಅಂತ ಡಾಕ್ಟ್ರು ಹೊರಡುವ ಮುಂಚೆಯೇ ಹೇಳಿದ್ದರು. ಪೊರೆ ತೆಗೆಯುವುದು ಅರ್ಧ ಗಂಟೆಯೂ ಹಿಡಿಯದ ಕೆಲಸ. ಮರುದಿನ ಪಟ್ಟಿ ಬಿಚ್ಚಿ ನೋಡಬೇಕು. ವಾರಗಟ್ಟಲೆ ಡ್ರಾಪ್ಸ್ ಹಾಕಬೇಕು. ಒಳಗೆ ಸೋಂಕಾದರೆ ಗಂಟೆಗಳ ಲೆಕ್ಕದಲ್ಲಿ ಓಡಬೇಕು. ಅಷ್ಟು ಹೊತ್ತಿಗೆ ನಾವು ಮುಂಬೈಯಲ್ಲಿ ಲಗೇಜಿಗೆ ಕಾಯುತ್ತಾ ನಿಂತಿರುತ್ತೇವೆ.

ಅದೂ ಅಲ್ಲದೆ ಅದೇ ಕೌಂಟಿಯಲ್ಲಿ ಸಬಾಟಿಯಾ ಕಣ್ಣಿನ ಆಸ್ಪತ್ರೆ ಇದೆ. ಕೀನ್ಯಾದಲ್ಲಿ ಪೊರೆಯ ಆಪರೇಷನ್ ಮಾಡುವುದು ಕಣ್ಣಿನ ಡಾಕ್ಟರು ಮಾತ್ರ ಅಲ್ಲ. ಡಾಕ್ಟರ್ ಪದವಿ ಇಲ್ಲದಿದ್ದರೂ ರೋಗಿಗಳನ್ನು ನೋಡಲು ಕಲಿತ ಕ್ಲಿನಿಕಲ್ ಆಫೀಸರ್ ಅನ್ನುವವರಿಗೆ ಪೊರೆ ತೆಗೆಯುವ ವಿಶೇಷ ತರಬೇತಿ ಕೊಡುತ್ತಾರೆ. ಅವರ ಕೈ ನಮ್ಮಲ್ಲಿ ಎಷ್ಟೋ ಜನರ ಕೈಗಿಂತ ಚುರುಕು. ಹಾಗಾಗಿ ನಮ್ಮ ಪಾಲಿಗೆ ಉಳಿದದ್ದು ಹಳ್ಳಿ ಹಳ್ಳಿಗೆ ಹೋಗಿ ಕಣ್ಣು ನೋಡುವುದು, ಪೊರೆ ಇದ್ದವರ ಹೆಸರು ಬರೆದು ಸಬಾಟಿಯಾಕ್ಕೆ ಕಳಿಸುವುದು, ನಲವತ್ತು ದಾಟಿದವರಿಗೆ ಚಾಳೀಸು ಕೊಡುವುದು. ತಂಡದಲ್ಲಿ ಕೆಲವರಿಗೆ ಇದು ಸಪ್ಪೆ ಅನ್ನಿಸಿತು. "ಇಷ್ಟು ದೂರ ಬಂದು ಕನ್ನಡಕ ಹಂಚೋದಾ ಅಕ್ಕ?" ಅಂತ ನಮ್ಮ ಯೌವನಸ್ಥರ ಸಂಘದ ಹುಡುಗ ಮುಖ ಸಣ್ಣ ಮಾಡಿ ಕೇಳಿದ. ಎಷ್ಟೋ ವರ್ಷದ ಮೇಲೆ ತನ್ನ ಬೈಬಲ್ಲನ್ನು ತಾನೇ ಓದಿದ ಅಜ್ಜಿಯೊಬ್ಬರು ಅವನ ಕೈ ಹಿಡಿದು ಬಿಡದೇ ಇದ್ದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಕೊನೆಯ ಭಾನುವಾರದ ಆರಾಧನೆ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ಹೊರಳಿದರೂ ಮುಗಿಯಲಿಲ್ಲ. ಪ್ರಸಂಗ ಆದ ಮೇಲೆ ಬೀಳ್ಕೊಡುಗೆ. ಹಿರಿಯರು, ಸ್ತ್ರೀಯರ ಸಂಘ, ಯುವಕರು, ಭಾನುವಾರ ಶಾಲೆಯ ಮಕ್ಕಳು, ಒಬ್ಬೊಬ್ಬರದ್ದೂ ಒಂದು ಹಾಡು, ಒಂದು ಭಾಷಣ. ಮಾತಾಡಲು ಎದ್ದವರೆಲ್ಲ "ಬ್ವಾನಾ ಆಸಿಫಿವೆ" ಅನ್ನುತ್ತಾರೆ, ಕರ್ತನಿಗೆ ಸ್ತೋತ್ರ ಅಂತ. ಸಭೆ "ಆಮೆನ್" ಅನ್ನಬೇಕು. ಮೊದಲ ಆಮೆನ್ ಜೋರಾಗಿ ಬರದಿದ್ದರೆ ಇನ್ನೊಂದು ಸಲ. ಆಮೇಲೆ ಉಡುಗೊರೆ. ಹೆಂಗಸರು ಸಾಲಾಗಿ ಕುಣಿಯುತ್ತಾ ಬಂದು ನಮ್ಮ ಹೆಗಲಿಗೆ ಲೆಸೋ ಹೊದಿಸಿದರು. ಬಣ್ಣಬಣ್ಣದ ಹತ್ತಿ ಬಟ್ಟೆ, ಅಂಚಿನಲ್ಲಿ ಒಂದು ಸ್ವಾಹಿಲಿ ಗಾದೆ ಅಚ್ಚು ಮಾಡಿರುತ್ತದೆ. ಬುಟ್ಟಿ ತುಂಬ ನೆಲಗಡಲೆ ಬಂತು. ಬಾಳೆಗೊನೆ ಬಂತು. ಡಾಕ್ಟರ ಕೈಗೆ ಕಾಲು ಕಟ್ಟಿದ ಒಂದು ಜೀವಂತ ಕೋಳಿ ಬಂತು. ಆ ಕಡೆ ಅತಿಥಿಗೆ ಕೋಳಿ ಅಂದರೆ ದೊಡ್ಡ ಮರ್ಯಾದೆ. ಡಾಕ್ಟ್ರು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಫೋಟೋಕ್ಕೆ ನಿಂತರು, ಕೋಳಿ ಅವರ ಕನ್ನಡಕಕ್ಕೆ ಕುಕ್ಕಿತು, ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಮಗೆ ಮನೆಯಲ್ಲಿ ಜಾಗ ಕೊಟ್ಟಿದ್ದ ಮಾಮಾ ಆ ಕೋಳಿಗೆ ಆಗಲೇ ಗೂಡು ರೆಡಿ ಮಾಡಿಟ್ಟಿದ್ದರು. ವಿಮಾನ ಹತ್ತುವವರಿಗೆ ಕೊಟ್ಟ ಕೋಳಿಗಳೆಲ್ಲ ಎಲ್ಲಿಗೆ ಬರುತ್ತವೆ ಅಂತ ಅವರಿಗೆ ಗೊತ್ತು. (ಅಲ್ಲಿ ಮಕ್ಕಳಿರುವ ಹೆಂಗಸರನ್ನೆಲ್ಲ ಮಾಮಾ ಅನ್ನುತ್ತಾರೆ. ನಮಗೆ ಮೊದಲೆರಡು ದಿನ ಕರೆಯುವಾಗ ನಗು ತಡೆಯಲು ಆಗಲಿಲ್ಲ.)

ಹೊತ್ತು ಹೋದಂತೆ ಅದು ಹೆಣ್ಣು ಕಳಿಸುವ ಮನೆಯ ಹಾಗಾಯಿತು. ಒಬ್ಬರು ಅತ್ತರೆ ಪಕ್ಕದವರು, ಅವರನ್ನು ನೋಡಿ ಅವರಾಚೆಯವರು. ಆ ಬಿಸಿಯಲ್ಲಿ ನಮ್ಮ ತಂಡದ ಹಿರಿಯರೊಬ್ಬರು ಮೈಕ್ ಹಿಡಿದು, "ಮುಂದಿನ ವರ್ಷ ನಾವು ಖಂಡಿತ ಮತ್ತೆ ಬರುತ್ತೇವೆ" ಅಂದರು. ಅವರು ಸುಳ್ಳು ಹೇಳಲಿಲ್ಲ. ಆ ಗಳಿಗೆಗೆ ಅದು ನಿಜವೇ. ಚಪ್ಪಾಳೆ ಬಿತ್ತು.

ಸ್ವಾಹಿಲಿಗೆ ಅನುವಾದ ಮಾಡುತ್ತಿದ್ದ ಹುಡುಗ ಆ ಮಾತನ್ನು ಒಂದು ಚೂರೂ ತಡಮಾಡದೆ ಹೇಳಿದ್ದ. ನನ್ನ ಮೇಜಿನ ಪಕ್ಕದಲ್ಲಿ ದಿನವೂ ನಿಂತು ನೂರಾರು ಸಲ "ಅಕ್ಷರ ಕಾಣುತ್ತಾ, ಈಗ ಕಾಣುತ್ತಾ" ಅಂತ ಕೇಳಿದವನು ಅವನೇ. ಸಂಜೆ ಚಹಾ ಕುಡಿಯುವಾಗ, ಅಷ್ಟು ಬೇಗ ಹೇಗಪ್ಪ ಹೇಳಿದೆ ಅಂತ ಕೇಳಿದೆ. "ಸಿಸ್ಟರ್, ಆ ಮಾತು ಬಂದೇ ಬರುತ್ತದೆ ಅಂತ ಗೊತ್ತಲ್ಲ. ಅವರು ಬಾಯಿ ತೆರೆಯುವ ಮೊದಲೇ ಸ್ವಾಹಿಲಿ ರೆಡಿ ಇರುತ್ತದೆ" ಅಂದ. ಚುಚ್ಚಿ ಹೇಳಿದ್ದಲ್ಲ. ಹುಡುಗನಿಗೆ ಅದು ಕೆಲಸದ ಅನುಭವ. ಜೂನ್ ಜುಲೈಯಲ್ಲಿ ಅಮೆರಿಕದ ಕಾಲೇಜು ಮಕ್ಕಳು ಬರುತ್ತಾರೆ, ಕೊರಿಯಾದವರು ಬರುತ್ತಾರೆ, ಈಗ ನಾವು. ಎಲ್ಲರೂ ಅಳುತ್ತಾರೆ. ಎಲ್ಲರೂ ಬರುತ್ತೇವೆ ಅನ್ನುತ್ತಾರೆ.

"ಯಾರೂ ಬಂದಿಲ್ವಾ?" ಅಂದೆ.

"ಬಂದಿದ್ದಾರೆ. ಒಬ್ಬರು ಮುದುಕರು ಇದ್ದಾರೆ, ಬೋರ್‌ವೆಲ್ ಪಂಪ್ ರಿಪೇರಿ ಮಾಡುವವರು. ಆರೋಗ್ಯ ಸರಿ ಇದ್ದ ವರ್ಷ ಬರುತ್ತಾರೆ. ಹೊರಡುವಾಗ ಪಂಪಿನ ಯಾವ ವಾಷರ್ ತರಬೇಕು ಅಂತ ಮಾತ್ರ ಬರೆದುಕೊಂಡು ಹೋಗುತ್ತಾರೆ."

ಬಂದು ಹೋಗುವವರಿಗೆ ಬೀಳ್ಕೊಡುಗೆ ಜೀವನದಲ್ಲಿ ಒಂದೆರಡು ಸಲದ ಅನುಭವ. ಉಳಿಯುವವರಿಗೆ ಅದು ಪ್ರತಿ ವರ್ಷದ ಕೆಲಸ. ಹಾಡು ಅಭ್ಯಾಸ ಮಾಡಬೇಕು, ಲೆಸೋಗೆ ದುಡ್ಡು ಕೂಡಿಸಬೇಕು, ಕೋಳಿ ನೋಡಿಡಬೇಕು. ಅವರ ಪ್ರೀತಿ ನಾಟಕ ಅಂತ ನಾನು ಹೇಳುತ್ತಿಲ್ಲ, ಅಂಥ ಮಾತು ಪಾಪದ್ದು. ಆದರೆ ಆ ದಿನ ಸಭೆಯಲ್ಲಿ ಕಳಿಸಿಕೊಡುವುದು ಗೊತ್ತಿದ್ದವರು ಅವರು. ಹೊರಡುವುದು ಗೊತ್ತಿಲ್ಲದವರು ನಾವು.

ಆ ರಾತ್ರಿ ನನಗೆ ಬೈಬಲ್ಲಿನ ಅಪೊಸ್ತಲರ ಕೃತ್ಯಗಳ ಇಪ್ಪತ್ತನೇ ಅಧ್ಯಾಯ ನೆನಪಾಯಿತು. ಊರೂರು ಸುತ್ತಿ ಸುವಾರ್ತೆ ಸಾರಿದ ಪೌಲ ಯೆರೂಸಲೇಮಿಗೆ ಹೋಗುವ ಅವಸರದಲ್ಲಿದ್ದಾನೆ. ಎಫೆಸಕ್ಕೆ ಹೋದರೆ ತಡವಾಗುತ್ತದೆ ಅಂತ ಸಭೆಯ ಹಿರಿಯರನ್ನು ಮಿಲೇತಕ್ಕೇ ಕರೆಸುತ್ತಾನೆ. ಅವರ ಜೊತೆ ಮೂರು ವರ್ಷ ಇದ್ದವನು. ಸಮಾಧಾನಕ್ಕೆ ಅಂತ ಒಂದು ಮಾತೂ ಹೇಳುವುದಿಲ್ಲ. ಇನ್ನು ಮೇಲೆ ನೀವು ನನ್ನ ಮುಖ ನೋಡುವುದಿಲ್ಲ ಅಂತ ನೇರವಾಗಿ ತಿಳಿಸುತ್ತಾನೆ. ಸಭೆಯನ್ನು ಯಾರು ಹೇಗೆ ನೋಡಿಕೊಳ್ಳಬೇಕು ಅಂತ ಹೇಳುತ್ತಾನೆ. ಅವರು ಅಳುತ್ತಾರೆ, ಕೊರಳಿಗೆ ಬಿದ್ದು ಮುತ್ತಿಡುತ್ತಾರೆ, ಹಡಗಿನ ತನಕ ಬಂದು ಕಳಿಸುತ್ತಾರೆ. ಈ ಭಾಗದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಪೌಲ ಅಲ್ಲಿ ಬರುತ್ತೇನೆ ಅನ್ನಲಿಲ್ಲ ಅನ್ನುವುದನ್ನು ಯಾರೂ ಎತ್ತಿ ಹೇಳಿದ್ದು ನೆನಪಿಲ್ಲ.

ನಮ್ಮ ಕರಾವಳಿಗೆ ಸ್ವಿಟ್ಜರ್‌ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನವರೂ ನೆನಪಾದರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೊದಲ ಮೂವರಲ್ಲಿ ಸಾಮ್ಯುವೆಲ್ ಹೆಬಿಕ್ ಒಬ್ಬರು. ಹೆಬಿಕ್ ಮತ್ತೆ ಯುರೋಪಿನ ದಾರಿ ಹಿಡಿದದ್ದು 1859ರಲ್ಲಿ. ಆಮೇಲೆ ಬಂದ ಕಿಟೆಲ್ ನಮ್ಮ ಭಾಷೆಯಲ್ಲಿ ಎಷ್ಟು ಆಳಕ್ಕಿಳಿದರು ಅನ್ನುವುದಕ್ಕೆ 1894ರ ನಿಘಂಟೇ ಸಾಕ್ಷಿ. ಹಡಗು ಹತ್ತುವಾಗ ತಮ್ಮ ಮನೆಯವರಿಗೆ ಅವರು ವಿದಾಯ ಹೇಳಿದ್ದು ಇನ್ನು ಸಿಗಲಿಕ್ಕಿಲ್ಲ ಅನ್ನುವ ಲೆಕ್ಕದಲ್ಲೇ. ಕೆಲವರು ಇಲ್ಲೇ ಮಣ್ಣಾದರು. ಅವರು ಮಾಡಿದ್ದೆಲ್ಲ ಸರಿ ಅಂತಲ್ಲ, ಆ ಚರ್ಚೆ ಬೇರೆಯೇ ಇದೆ. ಆದರೆ ಅವರ ದೊಡ್ಡ ವಿದಾಯ ನಡೆದದ್ದು ಹೊರಟ ಊರಿನಲ್ಲಿ. ನಮ್ಮದು ಹೋದ ಊರಿನಲ್ಲಿ ನಡೆಯುತ್ತದೆ. ರಿಟರ್ನ್ ಟಿಕೆಟ್ ಮೊದಲೇ ಬುಕ್ ಆಗಿರುತ್ತದೆ.

ಕೊನೆಯ ದಿನ ನಮ್ಮ ಕೈಗೆ ಚೀಟಿಗಳು ಬರತೊಡಗಿದವು. ಇದನ್ನೂ ಯಾರೂ ಮೊದಲೇ ಹೇಳಿರಲಿಲ್ಲ. ನೋಟ್‌ಬುಕ್ಕಿನ ಹಾಳೆ, ನಾಲ್ಕು ಮಡಿಕೆ, ಒಳಗೆ ಮುದ್ದಾದ ಅಕ್ಷರ. ಹೆಚ್ಚಿನವು ಹೈಸ್ಕೂಲ್ ಫೀಸಿನ ವಿಷಯ. ಕೀನ್ಯಾದಲ್ಲಿ 2003ರಿಂದ ಪ್ರಾಥಮಿಕ ಶಾಲೆಗೆ ಫೀಸಿಲ್ಲ. 2008ರಿಂದ ಹೈಸ್ಕೂಲಿನ ಪಾಠದ ಖರ್ಚಿಗೂ ಸರ್ಕಾರ ದುಡ್ಡು ಕೊಡುತ್ತದೆ. ಆದರೆ ಅಲ್ಲಿ ಒಳ್ಳೆಯ ಹೈಸ್ಕೂಲ್ ಅಂದರೆ ಹೆಚ್ಚಾಗಿ ಬೋರ್ಡಿಂಗ್. ಊಟ ವಸತಿಯ ಫೀಸು, ಯೂನಿಫಾರ್ಮು, ಹಾಸಿಗೆ, ತಗಡಿನ ಪೆಟ್ಟಿಗೆ, ಎಲ್ಲ ಮನೆಯವರ ತಲೆ ಮೇಲೆ. ಸೀಟು ಸಿಕ್ಕಿ, ಪೆಟ್ಟಿಗೆಗೆ ದುಡ್ಡಿಲ್ಲದೆ ಮನೆಯಲ್ಲಿ ಉಳಿದ ಹುಡುಗಿಯ ಚೀಟಿ ಕೈಯಲ್ಲಿದ್ದಾಗ ನಿಯಮ ಹೇಳುವುದು ಸುಲಭ ಅಲ್ಲ. ಯಾರೂ ಖಾಸಗಿಯಾಗಿ ದುಡ್ಡಿನ ಮಾತು ಕೊಡಬಾರದು ಅನ್ನುವುದು ನಮ್ಮ ತಂಡದ ನಿಯಮ. ಚೀಟಿಗಳನ್ನೆಲ್ಲ ಅಲ್ಲಿನ ಸಭೆಯ ಹಿರಿಯರಿಗೆ ಕೊಟ್ಟೆವು. ಯಾವ ಮನೆಯಲ್ಲಿ ಏನಿದೆ ಅಂತ ಗೊತ್ತಿರುವುದು ಅವರಿಗೆ. ಆ ನಿಯಮ ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ಹಾಗಂತ ಆ ಹುಡುಗಿಯ ಅಕ್ಷರ ಮರೆತಿಲ್ಲ.

ಮಕ್ಕಳ ಮನೆಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ದಾರಿಯಲ್ಲಿ ಒಂದು ಅನಾಥಾಲಯ ಇದೆ, ಹೊರಡುವ ಮುಂಚೆ ಒಂದು ಗಂಟೆ ಹೋಗಿ ಬರೋಣ ಅಂತ ಯಾರೋ ಅಂದರು. ಹೋದೆವು. ಬಾಗಿಲಲ್ಲೇ ಪುಟ್ಟ ಮಕ್ಕಳು ಓಡಿ ಬಂದು, ಹೆಸರೂ ಕೇಳದೆ ತೊಡೆಗೆ ಆತುಕೊಂಡರು. ನಮ್ಮವರಿಗೆ ಕರುಳು ಚುರ್ ಅಂದಿತು. ಎಷ್ಟು ಪ್ರೀತಿಯ ಮಕ್ಕಳು ಅಂದರು. ಸಿಕ್ಕಿದವರಿಗೆಲ್ಲ ಹಾಗೆ ಆತುಕೊಳ್ಳುವ ಮಗುವಿಗೆ ತನ್ನವರು ಅಂತ ಯಾರೂ ಗಟ್ಟಿಯಾಗಿಲ್ಲ ಅಂತ ಅರ್ಥ. ಒಂದು ಗಂಟೆ ಎತ್ತಿ ಆಡಿಸಿ, ಕೈ ಬೀಸಿ ಹೊರಡುವುದು ಆ ಮಗುವಿಗೆ ಇನ್ನೊಂದು ಸಲ ಅದೇ ಪಾಠ. ಅಂಥ ಮನೆಗಳಲ್ಲಿರುವ ಬಹಳ ಮಕ್ಕಳಿಗೆ ತಂದೆಯೋ ತಾಯಿಯೋ ಇರುತ್ತಾರೆ. ಬಡತನಕ್ಕೆ ತಂದು ಬಿಟ್ಟಿರುತ್ತಾರೆ. ಕೀನ್ಯಾ ಸರ್ಕಾರ 2017ರಲ್ಲಿ ಹೊಸ ಮಕ್ಕಳ ಮನೆಗಳ ನೋಂದಣಿಯನ್ನೇ ನಿಲ್ಲಿಸಿತು. 2022ರಲ್ಲಿ, ಹತ್ತು ವರ್ಷದಲ್ಲಿ ಮಕ್ಕಳನ್ನು ಕುಟುಂಬಗಳಿಗೆ ಸೇರಿಸುವ ಯೋಜನೆ ಹಾಕಿಕೊಂಡಿತು. ಆ ದೇಶವೇ ಬೇಡ ಅಂದುಕೊಂಡದ್ದನ್ನು ನೋಡಲು ನಾವು ಬಿಸ್ಕೆಟ್ ಹಿಡಿದುಕೊಂಡು ಹೋಗಿದ್ದೆವು.

ಹಾಗಾದರೆ ಸರಿಯಾಗಿ ಹೊರಡುವುದು ಹೇಗೆ? ಸೋಮವಾರ ಬೆಳಿಗ್ಗೆ ಮಾಮಾ ತೋರಿಸಿಕೊಟ್ಟರು. ಮಾಮಾ ಸ್ತ್ರೀಯರ ಸಂಘದಲ್ಲಿ ಲೆಕ್ಕ ಬರೆಯುವವರು. ಹಿಂದಿನ ದಿನ ಎಲ್ಲರಿಗಿಂತ ಜಾಸ್ತಿ ಅತ್ತವರು. ತಿಂಡಿ ಆದ ಕೂಡಲೇ ಮೇಜು ಒರೆಸಿ, ನಮ್ಮ ರಿಜಿಸ್ಟರ್ ಕೊಡಿ ಅಂದರು. ಸಬಾಟಿಯಾಕ್ಕೆ ಹೋಗಬೇಕಾದವರ ಹೆಸರನ್ನು ಒಂದೊಂದಾಗಿ ಓದಿಸಿದರು. "ಈ ಹೆಸರಿನವರು ಇಬ್ಬರಿದ್ದಾರೆ, ಯಾರಿವರು? ಇವರಿಗೆ ಫೋನಿಲ್ಲ, ಮಗನ ನಂಬರ್ ಬರೆಯಿರಿ. ಇವರನ್ನು ಒಬ್ಬರೇ ಕಳಿಸಬೇಡಿ, ಅರ್ಧ ದಾರಿಯಲ್ಲಿ ವಾಪಸ್ ಬರುತ್ತಾರೆ." ಬಸ್ಸಿನ ಖರ್ಚು ಎಷ್ಟಾಗುತ್ತದೆ, ಆಸ್ಪತ್ರೆಯಲ್ಲಿ ಯಾರನ್ನು ಕೇಳಬೇಕು, ಬಲಗಣ್ಣೋ ಎಡಗಣ್ಣೋ, ಯಾವುದನ್ನೂ ಬಿಡಲಿಲ್ಲ. ಆಮೇಲೆ ಉಳಿದ ಕನ್ನಡಕಗಳನ್ನು ಪವರ್ ಪ್ರಕಾರ ಬೇರೆ ಮಾಡಿಸಿದರು. ಯಾವ ವಯಸ್ಸಿಗೆ ಸುಮಾರು ಯಾವ ಪವರ್ ಅಂತ ನನ್ನ ಕೈಯಲ್ಲಿ ಬರೆಸಿಕೊಂಡು, ಅದನ್ನು ಗೋಡೆಗೆ ಅಂಟಿಸಿದರು.

ಉಳಿದ ಔಷಧಿಯ ವಿಷಯದಲ್ಲಿ ನಮ್ಮೊಳಗೇ ಸ್ವಲ್ಪ ವಾದವಾಯಿತು. ಎಲ್ಲವನ್ನೂ ಇಲ್ಲೇ ಬಿಟ್ಟು ಹೋಗೋಣ, ಪುಣ್ಯ ಬರುತ್ತದೆ ಅಂತ ಕೆಲವರು. ದಾನ ಕೊಡುವ ಔಷಧಿಗೆ ಸೇರುವ ಹೊತ್ತಿಗೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು, ಲೇಬಲ್ ಅಲ್ಲಿಯವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇದೆ ಅಂತ ಡಾಕ್ಟ್ರು. ಮಾಮಾ ಮಾತೇ ಆಡಲಿಲ್ಲ. ಎದ್ದು ಹೋಗಿ ಒಂದು ರಟ್ಟಿನ ಡಬ್ಬ ತಂದು ಮುಂದೆ ಇಟ್ಟರು. ಹಿಂದೆ ಯಾವುದೋ ತಂಡ ಪ್ರೀತಿಯಿಂದ ಬಿಟ್ಟು ಹೋದದ್ದು. ಮೇಲೆ ಏನು ಬರೆದಿದೆ ಅಂತ ಅಲ್ಲಿ ಯಾರಿಗೂ ಓದಲು ಬರುವುದಿಲ್ಲ. ಎಸೆಯಲು ಮನಸ್ಸಿಲ್ಲ, ಉಪಯೋಗಿಸಲು ಧೈರ್ಯ ಇಲ್ಲ. ವಾದ ಅಲ್ಲಿಗೆ ಮುಗಿಯಿತು. ಅವಧಿ ಸಾಲದ ಡ್ರಾಪ್ಸ್‌ಗಳನ್ನು ನಾವೇ ಕಟ್ಟಿಕೊಂಡೆವು.

ಆ ಎರಡು ಮೂರು ಗಂಟೆಯಲ್ಲಿ ಯಾರ ಕಣ್ಣಲ್ಲೂ ನೀರಿರಲಿಲ್ಲ. ಭಾನುವಾರಕ್ಕಿಂತ ನನಗೆ ಆ ಸೋಮವಾರ ಜಾಸ್ತಿ ಹಿಡಿಸಿತು.

ಹೊರಟಾಗ ಮನೆಯವರೆಲ್ಲ ದಾರಿಯ ತನಕ ಬಂದರು. ಅತಿಥಿಯನ್ನು ಬಾಗಿಲಲ್ಲೇ ಕಳಿಸುವ ರೂಢಿ ಅಲ್ಲಿಲ್ಲ, ಒಂದಷ್ಟು ದೂರ ಜೊತೆಗೆ ನಡೆಯಬೇಕು. ನಮ್ಮಲ್ಲೂ ಹಿಂದೆ ಗದ್ದೆ ದಾಟಿಸಿ ಬಸ್ಸು ಹತ್ತಿಸಿ ಬರುತ್ತಿದ್ದರು. ಈಗ ಲಿಫ್ಟಿನ ಬಾಗಿಲ ತನಕ ಬಂದರೆ ಹೆಚ್ಚು. "ಮತ್ತೆ ಯಾವಾಗ?" ಅಂತ ಮಾಮಾ ಕೇಳಲಿಲ್ಲ. ನಾನೂ ಹೇಳಲಿಲ್ಲ. ತಿಂಗಳ ಕೊನೆಗೆ ರಿಜಿಸ್ಟರಿನ ಫೋಟೋ ಕಳಿಸುತ್ತೇನೆ ಅಂದರು. ಕಳಿಸಿ, ನೋಡಿ ಹೇಳುತ್ತೇನೆ ಅಂದೆ.

ಊರಿಗೆ ಬಂದ ಮೇಲೆ ಸಭೆಯಲ್ಲಿ ಫೋಟೋ ತೋರಿಸಿದೆವು. ಕೋಳಿಯ ಫೋಟೋಗೆ ಇಲ್ಲೂ ನಗು. ಮುಂದಿನ ವರ್ಷ ಎಷ್ಟು ಜನ ಹೋಗೋಣ ಅಂತ ಆಗಲೇ ಮಾತು ಶುರು. ಹೋಗಲೇಬಾರದು ಅನ್ನುವವಳಲ್ಲ ನಾನು. ಹೋದರೆ ಅದೇ ಊರಿಗೆ, ಸಾಧ್ಯವಾದರೆ ಅದೇ ಮುಖಗಳು, ಸಣ್ಣ ತಂಡ. ಹೊಸ ದೇಶ, ಹೊಸ ಊರು ಅಂತ ಹುಡುಕುವುದಾದರೆ ನನ್ನ ಹೆಸರು ಬೇಡ ಅಂತ ಕಮಿಟಿಗೆ ಹೇಳಿದ್ದೇನೆ. ಇಷ್ಟು ವಿಮಾನದ ಟಿಕೆಟ್ಟಿನ ದುಡ್ಡಲ್ಲಿ ಎಷ್ಟು ಜನರ ಪೊರೆ ತೆಗೆಸಬಹುದು ಅಂತ ಖಜಾಂಚಿಯವರು ಲೆಕ್ಕ ಹಾಕಿ ತಂದಿದ್ದರು. ಕೆಲವರಿಗೆ ಅದು ಕಹಿಯಾಯಿತು. ದುಡ್ಡು ಮಾತ್ರ ಕಳಿಸಿದರೆ ಸಂಬಂಧ ಎಲ್ಲಿ ಉಳಿಯುತ್ತದೆ ಅಂದರು. ಅವರ ಮಾತಿನಲ್ಲೂ ನಿಜ ಇದೆ. ಮಾಮಾ ಯಾರು ಅಂತ ಗೊತ್ತಾದದ್ದು ಹೋಗಿದ್ದರಿಂದಲೇ ಅಲ್ವಾ?

ರಿಜಿಸ್ಟರಿನ ಫೋಟೋ ಹೇಳಿದ ಹೊತ್ತಿಗೆ ಬಂತು. ಆಪರೇಷನ್ ಆದವರ ಹೆಸರಿನ ಮುಂದೆ ಹಸಿರು ಪೆನ್ನಿನಲ್ಲಿ ಗುರುತು. ಮೆಕ್ಕೆಜೋಳದ ಕೊಯ್ಲು ಮುಗಿಯಲಿ ಅಂತ ಮುಂದೆ ಹಾಕಿದವರ ಪಟ್ಟಿ ಬೇರೆ. ಭಯ ಅಂತ ಹೋಗದವರೂ ಇದ್ದಾರೆ. ಅವರ ಮನೆಗೆ ಆಪರೇಷನ್ ಆದ ಅಜ್ಜಿಯನ್ನೇ ಕರೆದುಕೊಂಡು ಹೋಗುತ್ತಾರಂತೆ. ಎರಡೂವರೆ ಪವರಿನ ಕನ್ನಡಕ ಖಾಲಿ, ಒಂದು ಪವರಿನದ್ದು ಯಾರಿಗೂ ಬೇಡ, ಡಬ್ಬದಲ್ಲೇ ಕೂತಿದೆ. ಇಲ್ಲಿಂದ ಕಳಿಸಲಾ ಅಂತ ಕೇಳಿದೆ. ಬೇಡವಂತೆ. ಕಿಸುಮುವಿನ ಅಂಗಡಿಯಲ್ಲಿ ಅದೇ ಕನ್ನಡಕ ಸಿಗುತ್ತದೆ, ಹೆಚ್ಚು ತಗೊಂಡರೆ ಬೆಲೆ ಇಳಿಸುತ್ತಾರೆ, ವಿಚಾರಿಸಿ ಇಟ್ಟಿದ್ದೇನೆ ಅಂದರು. ಆ ಬೆಲೆಯನ್ನು ನಾನು ಖಜಾಂಚಿಯವರಿಗೆ ಕೊಟ್ಟಿದ್ದೇನೆ. ಕಮಿಟಿ ಇನ್ನೊಂದು ಸಲ ಕೂರಬೇಕು.